ರೋಲರ್ ನಿಂತಿದ್ದ ಹಿತ್ತಲು

ಆಗಸ್ಟ್ ೯, ಬುಧವಾರ ಸಂಜೆ

ನನ್ನ ಜಗಮೊಂಡರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅಲ್ಲಿಯ ರಸ್ತೆ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ, ಮನೆಗೆ ಬರಲೋ, ಇಲ್ಲಾ ಮುಂದಿನ ಕ್ಯಾಂಪಿಗೆ ಹೆಸರು ಕೊಡಲೋ ಎಂದು ಕೇಳಿದ್ದೀರಿ. ಒಂದೇ ಸಾಲಿನಲ್ಲಿ ಉತ್ತರ ಬರೆಯಬಹುದಿತ್ತು. ಪೆನ್ನು ಹಿಡಿದರೆ ಬರೀ ಹಿತ್ತಲೇ ಬರುತ್ತಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಹನ್ನೊಂದು ವರ್ಷ ನಿಮ್ಮ ರೋಡ್ ರೋಲರ್ ನಿಂತ ಜಾಗ ಅದು. ಜೇಡಿಮಣ್ಣು ಬೇರೆ. ಗುದ್ದಲಿ ಹಾಕಿದರೆ ಟಣ್ ಎನ್ನುತ್ತಿತ್ತು. ಎಂಥಾ ಮಳೆಗೂ ಜಗ್ಗಲ್ಲ ಅಂತ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದಿರಿ. ನನಗೋ ಅಲ್ಲೊಂದು ಬದನೆ ಗಿಡ ನೆಡುವ ಆಸೆ. ಹೋದ ಬೇಸಿಗೆಯಲ್ಲಿ, ಮಣ್ಣು ಸಡಿಲವಾಗಲೆಂದು ರಸ್ತೆ ಕೆಲಸದಲ್ಲಿ ಮಿಕ್ಕ ಮರಳು ತಂದು ಬೆರೆಸಿದಿರಿ. ಬಿಸಿಲಿಗೆ ಅದು ಇಟ್ಟಿಗೆಯಾಯಿತು. ಅದೂ ಸಾಲದೆಂದು, ಮಟ್ಟವಾಗಿರಲಿ ಅಂತ ಅದರ ಮೇಲೆ ಒಂದು ಸುತ್ತು ರೋಲರ್ ಓಡಿಸಿಬಿಟ್ಟಿರಿ.

ಆವತ್ತು ನಾನಂದೆ, "ನೀವು ಓಡಾಡಿದ ಕಡೆ ಹುಲ್ಲೂ ಹುಟ್ಟಲ್ಲ."

ನೀವು ಬ್ಯಾಗು ತುಂಬಿಕೊಂಡು ರೋಲರ್ ಹತ್ತಿದಿರಿ. ಅದು ಬೀದಿಯ ತಿರುವು ದಾಟಲು ಕಾಲು ಗಂಟೆ ಹಿಡಿಯಿತು. ನಡೆದೇ ಬಂದು ತಡೆಯಬಹುದಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ. ಆ ಮಾತು ನನ್ನ ಬಾಯಿಂದ ಬರಬಾರದಿತ್ತು, ತಪ್ಪಾಯಿತು.

ಆಮೇಲೆ ಹಠ ಹಿಡಿದೆ. ಬೀದಿ ಗುಡಿಸುವಾಕೆ ಒಣಗಿದ ಎಲೆಗಳನ್ನು ಸುಡದೆ ನಮ್ಮ ಗೋಡೆಯಾಚೆಯಿಂದ ಸುರಿಯುತ್ತಾಳೆ. ಟೀ ಅಂಗಡಿಯವನು ಸೋಸಿ ಉಳಿದ ಟೀಪುಡಿಯ ಚರಟ ಎತ್ತಿಡುತ್ತಾನೆ. ಶಾಲೆಯ ಅಡುಗೆಮನೆಯಲ್ಲಿ ನಾನು ಹೆಚ್ಚಿದ ತರಕಾರಿಯ ಸಿಪ್ಪೆ ಸಂಜೆ ನನ್ನ ಜೊತೆಗೇ ಮನೆಗೆ ಬರುತ್ತದೆ. ಅಗೆಯುವ ಗೋಜಿಗೇ ಹೋಗಲಿಲ್ಲ. ನೆಲಕ್ಕೆ ಹಳೇ ರಟ್ಟು ಹಾಸಿ, ಇವನ್ನೆಲ್ಲ ಹೊದಿಸಿ, ನೀರು ಚಿಮುಕಿಸಿ ಸುಮ್ಮನಾದೆ. ರಟ್ಟು ಕೊಳೆತು ಮೆತ್ತಗಾದ ಮೇಲೆ ಮೂಲಂಗಿ ಬೀಜ ಉದುರಿಸಿದೆ. ಬೆಳೆದದ್ದನ್ನು ಕೀಳಲಿಲ್ಲ. ಅಲ್ಲೇ ಕೊಳೆಯಲು ಬಿಟ್ಟರೆ ಗೆಡ್ಡೆ ಇಳಿದ ದಾರಿಯಲ್ಲಿ ನೀರೂ ಇಳಿಯುತ್ತದೆ ಎಂದು ಗುಡಿಸುವಾಕೆ ಹೇಳಿದ್ದಳು.

ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಎಲೆಗಳ ಕೆಳಗೆ ಏನೋ ಸರಸರ ಎನ್ನುತ್ತದೆ. ಎರೆಹುಳು ನಡೆಯುವ ಸದ್ದು ಎಂದರೆ ನೀವು ನಗುತ್ತೀರಿ. ನೋಡುತ್ತಾ ಕೂತರೆ ನೆಲವೇ ಉಸಿರಾಡುತ್ತಿದೆ ಅನ್ನಿಸಿ ಕಣ್ಣು ಭಾರವಾಗುತ್ತದೆ. ಮೊನ್ನೆ ಕೂತಲ್ಲೇ ಒಂದು ಕನಸು. ನಿಮ್ಮ ರೋಲರ್ ಹತ್ತಿಯ ಮೂಟೆಯಂತೆ ಹಿತ್ತಲ ಮೇಲೆ ತೇಲಿಕೊಂಡು ಹೋಗುತ್ತಿದೆ, ನೀವು ಮೇಲೆ ಕೂತು ಏನೋ ಗುನುಗುತ್ತಿದ್ದೀರಿ, ಕೆಳಗೆ ಒಂದು ಎಲೆಯೂ ಮುರಿಯುತ್ತಿಲ್ಲ. ಎಚ್ಚರವಾದ ಕೂಡಲೇ ಹೋಗಿ ನೋಡಿದೆ. ಚಕ್ರದ ಗುರುತು ಇರಲಿಲ್ಲ. ಯಾಕೋ ಬೇಜಾರಾಯಿತು.

ಈಗ ಬೆರಳು ಒತ್ತಿದರೆ ಎರಡು ಗೆಣ್ಣು ಒಳಗೆ ಹೋಗುತ್ತದೆ. ಬದನೆ ಹೂ ಬಿಟ್ಟಿದೆ. ಕ್ಯಾಂಪಿನ ವಿಷಯ ನಿಮ್ಮಿಷ್ಟ. ಬಲವಂತ ಮಾಡುವವಳು ನಾನಲ್ಲ.

ಇಂತಿ,
ನಿಮ್ಮ ಜಗಳಗಂಟಿ

ಮರೆತ ಮಾತು: ಒದ್ದೆ ಜೇಡಿಮಣ್ಣನ್ನು ತುಳಿದರೆ ಮತ್ತೆ ಗಟ್ಟಿಯಾಗುತ್ತದೆ. ಅದಕ್ಕೇ ಹಿಂದಿನ ಗೇಟಿನಿಂದ ಅಡುಗೆಮನೆ ಬಾಗಿಲವರೆಗೆ ಹಲಗೆ ಹಾಸಿದ್ದೇನೆ. ಆ ಗೇಟಿನಿಂದ ನಾನು ಯಾವತ್ತೂ ಬಂದವಳಲ್ಲ, ನಿಮಗೇ ಗೊತ್ತು. ರೋಲರ್ ಮಾತ್ರ ಬೀದಿಯಲ್ಲೇ ನಿಲ್ಲಿಸಿ.