ನೀರು ಕುಡಿದ ನೆಲಹಾಸು

ಬೆಕಲ್ಸ್,
ಮಾರ್ಚ್ ೧೨, ಮಂಗಳವಾರ

ಲೆನರ್ಡ್,

ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಣುತ್ತಿದ್ದರೆ ಕಾಣಲಿ.

ನಿನ್ನ ಅಕ್ಕ ಡೋರೀನ್ ಮನೆಯಲ್ಲಿ ಉಪಚಾರ ಜೋರಾಗಿಯೇ ನಡೆಯುತ್ತಿರಬೇಕು. ಮುನಿಸಿಕೊಂಡು ಹೋಗಬೇಕಾದವಳು ನಾನು, ಪೆಟ್ಟಿಗೆ ಹಿಡಿದು ಹೊರಟವನು ನೀನು. ಇದ್ಯಾವ ಊರ ನ್ಯಾಯವೋ ನನಗಂತೂ ತಿಳಿಯದು.

ಮುಂದಿನ ಕೋಣೆಗೆ ಹಾಕಿಸಿದ್ದು ಕತ್ತಾಳೆ ನಾರಿನ ನೆಲಹಾಸು. ಹಾಕಲು ಬಂದವನು ನಿನ್ನೆದುರಿಗೇ ಹೇಳಿದ್ದ: "ಒದ್ದೆ ಬಟ್ಟೆ ಕೂಡ ತಾಗಿಸ್ಬೇಡಿ, ಇದಕ್ಕೆ ನೀರು ಆಗಲ್ಲ." ನೀನು ಗಂಭೀರವಾಗಿ ತಲೆಯಾಡಿಸಿದೆ. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನೀನು ಗಿಡಕ್ಕೆ ನೀರು ಹಾಕುವ ಝಾರಿ ಹಿಡಿದು, ಕಿಟಕಿಯಿಂದ ಅಗ್ಗಿಷ್ಟಿಕೆಯವರೆಗೆ ಚಿಮುಕಿಸಿಬಿಟ್ಟಿದ್ದೆ. ನಿಮ್ಮಮ್ಮ ಪ್ರತಿ ಶನಿವಾರ ಹಾಗೇ ಮಾಡುತ್ತಿದ್ದರಂತೆ. ಮಾಡುತ್ತಿದ್ದರು, ನನಗೂ ಗೊತ್ತು. ಅವರದು ಹೊಳೆಯ ಜೊಂಡಿನ ಚಾಪೆ ಕಣಪ್ಪಾ, ನೀರು ಹಾಕದಿದ್ದರೆ ಒಣಗಿ ಮುರಿಯುವಂಥದ್ದು. ನೆಲಕ್ಕೆ ಹಾಸುವ ಹುಲ್ಲು, ನಾರು ಎಲ್ಲ ಒಂದೇ ಎಂದು ನಿನಗೆ ಹೇಳಿದವರು ಯಾರು? ಈಗ ಕೋಣೆಯ ಅರ್ಧ ಗೋಧಿ ಬಣ್ಣ, ಇನ್ನರ್ಧ ಚಹಾ ಬಣ್ಣ. ಪಕ್ಕದ ಮನೆಯ ಐರಿಸ್ ಇಣುಕಿ ನೋಡಿ, "ನಾಯಿ ಸಾಕಿದೀಯೇನೇ?" ಎಂದಳು. "ಇಲ್ಲ ಕಣೇ, ಗಂಡನ್ನ ಸಾಕಿದೀನಿ" ಎಂದೆ.

ನಾನು ಕೂಗಾಡಿದ್ದು ನಿಜ. ಆದರೆ "ಈ ಮನೇಲಿ ನಂದು ಅಂತ ಒಂದು ಮೂಲೇನೂ ಇಲ್ಲ" ಎಂದು ಹೊಸ್ತಿಲಲ್ಲಿ ನಿಂತು ಹೇಳಿ ಹೋದೆಯಲ್ಲ, ಅದನ್ನಿನ್ನೂ ನಾನು ಮರೆತಿಲ್ಲ. ಕೈ ಚಾಚಿದರೆ ಗೋಡೆ ತಾಗುವ ಮನೆ ನಮ್ಮದು, ಒಪ್ಪಿದೆ. ಗೋಡೆಯ ತುಂಬ ದಾಳಿಂಬೆ, ಪರದೆಯ ಮೇಲೆ ಗಿಳಿ, ಸೋಫಾಕ್ಕೆ ಕೆಂಪು ಪಟ್ಟೆ, ಮೆಟ್ಟಿಲಿಗೆ ಹಳದಿ ಚೌಕಳಿ, ಎಲ್ಲ ನನ್ನ ಹುಚ್ಚೇ. "ಕಣ್ಣಿಗೆ ಕೂತ್ಕೊಳ್ಳೋಕೆ ಒಂದು ಜಾಗ ಇಲ್ಲ ಕಣೇ" ಎಂದು ನೀನು ಕ್ರಿಸ್‌ಮಸ್ ಹೊತ್ತಿಗೆ ಗೊಣಗಿದ್ದೆ. ಒಂದು ಗಿಳಿಯನ್ನೂ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ನೆಲವನ್ನು ಬಿಟ್ಟುಕೊಟ್ಟೆ. ಗುಲಾಬಿ ಹೂಗಳ ಜಮಖಾನ ಕೀಳಿಸಿ, ಒಂದು ಚಿತ್ತಾರವೂ ಇಲ್ಲದ ಈ ನಾರನ್ನು ಹಾಕಿಸಿದ್ದು ಯಾರಿಗೋಸ್ಕರ ಅಂದುಕೊಂಡೆ? ನನಗಂತೂ ಅದು ಬರಿಗಾಲಿಗೆ ಚುಚ್ಚುತ್ತದೆ. ಬಾಯಿಬಿಟ್ಟು ಹೇಳಲಿಲ್ಲ, ನೀನೇ ತಿಳಿದುಕೊಳ್ಳುತ್ತೀಯ ಎಂದು ಕಾದೆ. ನಿನ್ನಿಂದ ಅಷ್ಟನ್ನು ನಿರೀಕ್ಷಿಸಿದ್ದು ನನ್ನ ಬುದ್ಧಿಗೇಡಿತನ.

ಬರುವುದಾದರೆ ಬಾ, ಇಲ್ಲವಾದರೆ ಅಕ್ಕನ ಮನೆಯಲ್ಲೇ ಇರು. ನನಗೇನೂ ಆಗಬೇಕಾದ್ದಿಲ್ಲ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಮೇವಿಸ್

ತಾ.ಕ. (ಬುಧವಾರ): ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಆ ಎರಡು ಬಣ್ಣ ನೋಡಿ ನೋಡಿ ತಡೆಯಲಾರದೆ, ನಿನ್ನೆ ಇದನ್ನು ಬರೆದ ಮೇಲೆ ಮಿಕ್ಕರ್ಧಕ್ಕೂ ನಾನೇ ನೀರು ಚಿಮುಕಿಸಿದೆ. ಒಣಗಿದ ಮೇಲೆ ಇಡೀ ನೆಲ ಒಂದೇ ಬಣ್ಣ. ನಿನ್ನ ಕೆಲಸ ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಶುರುವಾಯಿತು ಎಂದು ಈಗ ನನಗೇ ಗೊತ್ತಾಗುತ್ತಿಲ್ಲ. ಶುಕ್ರವಾರದ ಬಸ್ಸಿಗೆ ಬಾ.