ಠಾಣೆಯಲ್ಲೇ ಇರಲಿ

ಸಪ್ತಾಪುರ, ಧಾರವಾಡ
ಸೋಮವಾರ

ಅಪ್ಪಾಜಿಗೆ ನಮಸ್ಕಾರ.

ಸಾರಿ ಅಪ್ಪಾಜಿ, ಫೋನ್ ಇದ್ದೂ ಪತ್ರ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀವು ಗದರಿದರೆ ನನ್ನ ಮಾತೇ ನಿಂತುಬಿಡುತ್ತದೆ.

ಮೊನ್ನೆ ಕಾಲೇಜಿನಲ್ಲಿ ಡಿಬೇಟ್ ಇತ್ತು: ಬಂದೂಕಿಗೆ ಕಡಿವಾಣವೋ, ಅಪರಾಧಿಗೆ ಕಠಿಣ ಶಿಕ್ಷೆಯೋ? ನಾನು ನಿಮ್ಮ ಮಾತನ್ನೇ ಹೇಳಿದೆ: "ಬಂದೂಕ ತಾನ ಹಾರತೈತೇನ್ರಿ? ಹಾರಿಸಿದಾವನ್ನ ಹಿಡದು ಒಳಗ ಹಾಕ್ರಿ!" ಚಪ್ಪಾಳೆ ಬಿತ್ತು. ನನಗೆ ಮಾತ್ರ ಅಣ್ಣನ ಮದುವೆ ನೆನಪಾಯಿತು. ಅಕ್ಕಿಕಾಳು ಬಿದ್ದ ಕೂಡಲೇ ನೀವು ಖುಷಿಗೆ ಹಾರಿಸಿದ ಗುಂಡು ಕಾಕಾನ ಮಗಳು ಸೌಮ್ಯಾಳ ತೋಳನ್ನು ಸವರಿಕೊಂಡು ಹೋಗಿತ್ತು. ಆಸ್ಪತ್ರೆಯಲ್ಲಿ ನಾವೆಲ್ಲ ತಗಡು ತಗುಲಿ ಗಾಯವಾಯಿತೆಂದು ಸುಳ್ಳು ಹೇಳಿದೆವು.

ನಿನ್ನೆ ಸೌಮ್ಯಾ ತಾನೇ ಸ್ಕೂಟಿ ಓಡಿಸಿಕೊಂಡು ಹಾಸ್ಟೆಲಿಗೆ ಬಂದಿದ್ದಳು. ಡಿಬೇಟಿನ ಸುದ್ದಿ ಕೇಳಿ ನಕ್ಕಳು. "ಹುಚ್ಚಿ, ದೊಡ್ಡಪ್ಪಗ ಜೈಲ್ ಯಾಕ? ಆ ಬಂದೂಕ ಮತ್ತ ಮನಿಗೆ ಬರದಿದ್ರ ಸಾಕು."

ಮಹಾನವಮಿಯ ಪೂಜೆಗೂ ನೀವು ಅದನ್ನು ಹೊರಗೆ ತೆಗೆಯಲಿಲ್ಲವೆಂದು ಅವ್ವ ಹೇಳಿದಳು. ಅದಕ್ಕೇ ನನಗೆ ಧೈರ್ಯ ಬಂತು. ಆಮೇಲೆ ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದು ಹೇಗೂ ಇನ್ನೂ ಅಲ್ಲೇ ಇದೆ. ಬಿಡಿಸಿಕೊಂಡು ಬರಬೇಡಿ ಅಪ್ಪಾಜಿ. ಲೈಸೆನ್ಸ್ ವಾಪಸ್ ಕೊಡುವ ಅರ್ಜಿಯನ್ನು ನಾನೇ ಬರೆದು ಇದರೊಳಗೆ ಇಟ್ಟಿದ್ದೇನೆ, ನಿಮ್ಮ ಸಹಿ ಮಾತ್ರ ಬೇಕು.

ಲಗೂನ ಉತ್ತರ ಬರೆಯಿರಿ.

ನಿಮ್ಮ
ದಾಕ್ಷಾಯಿಣಿ