ಕ್ಷೇಮದ ಕಟ್ಟು

ಸಾಲಬೇವಿನ ಓಣಿ
ಹೊರದಿನ ಐದು, ೨೧೭೪

ಸಾಲಬೇವಿನ ಓಣಿ ನಾಗರಿಕ ಸಂಘದ ಕಾರ್ಯದರ್ಶಿಗಳಾದ ಮುಳಗುಂದ ಅವರಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರಗಳನ್ನು ಹಾಕಬೇಕಾದಲ್ಲಿ ಹಾಕಿರುವುದಿಲ್ಲ, ಸಾಲುಗಳು ಬಲಕ್ಕೆ ಹೋಗುತ್ತ ಕೆಳಗೆ ಇಳಿಯುತ್ತವೆ. ತಪ್ಪಿದ್ದಲ್ಲಿ ದಯವಿಟ್ಟು ತಿದ್ದಿಕೊಂಡು ಓದಬೇಕು. ದಿನಾಂಕವೂ ನಿಮಗೆ ವಿಚಿತ್ರವೆನಿಸಬಹುದು. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಫೆಬ್ರವರಿ ಮೂವತ್ತು ಕಳೆದ ಮೇಲೆ ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಅವನ್ನು ಹೊರದಿನ ಎನ್ನುತ್ತೇವೆ. ಆ ಐದು ದಿನ ನಗರ ಕಚೇರಿಯವರು ಓಣಿಗಳಿಗೆ ಬಂದು ಸಂಘದವರ ಜೊತೆ ಕುಳಿತು ಅರ್ಜಿ ಕೇಳುತ್ತಾರೆ. ಇಂದು ಕೊನೆಯ ಹೊರದಿನ. ನಾಳೆ ಮಾರ್ಚ್ ಒಂದು, ಬೇಸಿಗೆ ಶುರು.

ನಿಮ್ಮ ಹೆಸರು ನನಗೆ ಗೊತ್ತಾದದ್ದು ಸಂಘದ ತಗಡಿನ ಪೆಟ್ಟಿಗೆಯಿಂದ. ೨೦೨೬ರಲ್ಲಿ ನೀವು ಚರಂಡಿಯ ಬಗ್ಗೆ ಬರೆದ ಅರ್ಜಿಯ ಪ್ರತಿ ಅದರಲ್ಲಿ ಪ್ಲಾಸ್ಟಿಕ್ ಹಾಳೆಯ ನಡುವೆ ಇದೆ. ಕಾಗದ ಕಂದಿದೆ, ಸಹಿ ಉಳಿದಿದೆ. ನನ್ನ ಈ ಪತ್ರ ನಿಮಗೆ ತಲುಪುವ ದಾರಿ ನನಗೆ ತಿಳಿಯದು. ಆದರೆ ನಿಮ್ಮ ಅರ್ಜಿ ನಮ್ಮ ಕೈಗೆ ಬಂದದ್ದೂ ನೀವು ನಮಗೆ ಕಳಿಸಿದ್ದರಿಂದಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನನಗೆ ಇಪ್ಪತ್ತು ವರ್ಷ. ನಾಲ್ಕನೆಯ ತರಗತಿಯವರೆಗೆ ಓದಿದ್ದೇನೆ. ಅಷ್ಟು ಕಡಿಮೆ ಓದಿದವಳು ಸಂಘದ ಬರಹಗಾರ್ತಿ ಹೇಗಾದಳು ಎಂದು ನೀವು ಕೇಳಬಹುದು. ನನ್ನ ಮುತ್ತಜ್ಜಿಯ ಕಾಲದಲ್ಲಿ ಅರ್ಜಿಗಳನ್ನು ಯಂತ್ರಗಳು ಬರೆಯುತ್ತಿದ್ದವಂತೆ. ಒಂದು ಬೀದಿದೀಪಕ್ಕಾಗಿ ಒಂದೇ ಓಣಿಯಿಂದ ಒಂದೇ ದಿನ ನಲವತ್ತು ಸಾವಿರ ಅರ್ಜಿ ಹೋದವಂತೆ, ಒಂದಕ್ಕಿಂತ ಒಂದು ಚೆಂದ. ಓದುವುದಕ್ಕೆ ಕಚೇರಿಯವರೂ ಒಂದು ಯಂತ್ರ ಇಟ್ಟರು. ಯಂತ್ರ ಬರೆದದ್ದನ್ನು ಯಂತ್ರ ಓದಿ ಯಂತ್ರವೇ ಉತ್ತರ ಕೊಟ್ಟಿತು, ದೀಪ ಮಾತ್ರ ಹತ್ತಲಿಲ್ಲ. ಆಮೇಲೆ ನಿಯಮ ಬದಲಾಯಿತು. ಈಗ ಓಣಿಗೆ ವರ್ಷಕ್ಕೆ ಒಂದೇ ಅರ್ಜಿ. ಅದು ಅಲ್ಲಿಯೇ ವಾಸವಿರುವವರ ಕೈಬರಹದಲ್ಲಿ ಇರಬೇಕು, ಬರೆದವರೇ ತೊಂದರೆ ಇರುವ ಜಾಗದಲ್ಲಿ ನಿಂತು ಅಧಿಕಾರಿಗಳಿಗೆ ಓದಿ ಹೇಳಬೇಕು. ಶಾಲೆಯಲ್ಲಿ ಕೈಬರಹ ಕಲಿಸುವುದು ನಾಲ್ಕನೆಯವರೆಗೆ ಮಾತ್ರ. ಮುಂದೆ ಓದಿದವರಿಗೆ ಅದು ತಪ್ಪಿಹೋಗುತ್ತದೆ. ನಾನು ಮುಂದೆ ಓದಲಿಲ್ಲ, ಕೈ ಉಳಿಯಿತು.

ಹಿಂದಿನ ಬರಹಗಾರ ದಾವಲಸಾಬ ಕಾಕಾ ಕಳೆದ ಮಳೆಗಾಲದಲ್ಲಿ ತೀರಿಕೊಂಡ ಮೇಲೆ ಸಂಘದ ಅಧ್ಯಕ್ಷೆ ಮೈಬೂಬಿ ಅಕ್ಕ ನಮ್ಮ ಮನೆಗೆ ಬಂದಳು. ‘ನಾಲ್ಕ ಮಂದಿ ಮುಂದ ಮಾತಾಡಾಕ ನಂಗ ಬರೂದಿಲ್ಲಕ್ಕಾ’ ಎಂದೆ. ‘ಮಾತಾಡು ಅಂತ ನಿನಗ ಯಾರ ಹೇಳಿದ್ರು? ಬರಿ ಅಂದೆ’ ಎಂದಳು. ಓದಿಯೂ ಹೇಳಬೇಕೆಂಬುದು ಅವಳಿಗೇ ಮರೆತುಹೋಗಿತ್ತು. ಹನ್ನೊಂದು ವರ್ಷದಿಂದ ಹೊರದಿನಗಳಲ್ಲಿ ಕಚೇರಿಯವರು ನಮ್ಮ ಓಣಿಗೆ ಬಂದೇ ಇರಲಿಲ್ಲ. ಅದನ್ನು ನಾವು ಹೆಮ್ಮೆಯೆಂದೇ ತಿಳಿದಿದ್ದೆವು. ನೇಕಾರ ಫಕ್ಕೀರಪ್ಪಜ್ಜ ಬೇರೆ ಓಣಿಯವರ ಮುಂದೆ ಹೇಳುತ್ತಿದ್ದ: ‘ನಿಮ್ಮ ಅರ್ಜಿ ಖರೆ ಐತೋ ಇಲ್ಲೋ ಅಂತ ನೋಡಾಕ ಬರ್ತಾರ. ನಮ್ಮ ಮಾತು ಅಂದ್ರ ಮಾತು. ನೋಡೂದ ಬ್ಯಾಡ ಅವರಿಗೆ.’

ನಮ್ಮ ಅರ್ಜಿ ಪ್ರತಿ ವರ್ಷವೂ ತಂಪುಮನೆಯ ಬಾಗಿಲುಗಳ ಬಗ್ಗೆಯೇ ಇರುತ್ತಿತ್ತು. ತಂಪುಮನೆ ಎಂದರೆ ಅರ್ಧ ನೆಲದ ಕೆಳಗೆ ಕಟ್ಟಿದ ಉದ್ದನೆಯ ಕೋಣೆ. ಬಾಗಿಲುಗಳನ್ನು ಲಾವಂಚದ ಬೇರಿನಿಂದ ಹೆಣೆದು ಮೇಲಿನಿಂದ ನೀರು ಇಳಿಯುವಂತೆ ಮಾಡಿರುತ್ತಾರೆ. ಮಾರ್ಚ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಓಣಿಯ ಎಪ್ಪತ್ತು ಜನವೂ ಅಲ್ಲಿರುತ್ತೇವೆ. ಮನೆಯ ಗೋಡೆ ಆ ಹೊತ್ತಿಗೆ ಮುಟ್ಟಲಾಗದಷ್ಟು ಸುಡುತ್ತದೆ. ತಂಪುಮನೆಯಲ್ಲೇ ಸೊಪ್ಪು ಸೋಸುತ್ತಾರೆ, ಬಟ್ಟೆ ಹೊಲಿಯುತ್ತಾರೆ, ಚೌಕಾಬಾರ ಆಡಿ ಜಗಳ ಮಾಡುತ್ತಾರೆ. ಗೊರಕೆ ಹೊಡೆಯುವವರಿಗೆ ಪಡುವಣ ಮೂಲೆ. ಮಗುವಿಗೆ ಹೆಸರಿಡುವುದು, ಹೆಣ್ಣು ಗಂಡು ನೋಡುವುದು ಅಲ್ಲಿಯೇ. ನಾಲ್ಕು ಬಾಗಿಲುಗಳಲ್ಲಿ ಎರಡರ ಬೇರು ಕೊಳೆತು ಉದುರಿದೆ. ಅವಕ್ಕೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸುತ್ತಿದ್ದೇವೆ.

ಇಪ್ಪತ್ತು ದಿನದ ಹಿಂದೆ ಕಚೇರಿಯಿಂದ ನೋಟೀಸು ಬಂತು. ಸಾಲಬೇವಿನ ಓಣಿಯವರು ಹನ್ನೊಂದು ವರ್ಷದಿಂದ ಕ್ಷೇಮವಾಗಿರುವುದರಿಂದ ಅವರ ತಂಪುಮನೆಯನ್ನು ಮಾರ್ಚ್ ಒಂದರಿಂದ ಮುಚ್ಚಿ, ಚೆನ್ನಾಗಿರುವ ಬಾಗಿಲುಗಳನ್ನು ಕಲ್ಲಗುಡಿ ಓಣಿಗೆ ಕೊಡಲಾಗುವುದು, ಬೇಕಾದವರು ಅಲ್ಲಿಗೆ ಹೋಗಿ ಕುಳಿತುಕೊಳ್ಳಬಹುದು ಎಂದಿತ್ತು. ಕಲ್ಲಗುಡಿ ಓಣಿಗೆ ಹೋಗಲು ದೊಡ್ಡ ರಸ್ತೆ ದಾಟಬೇಕು. ಅಲ್ಲಿ ಮರವೂ ಇಲ್ಲ, ನೆರಳುಬಟ್ಟೆಯೂ ಇಲ್ಲ. ನಮ್ಮ ಅಣ್ಣನ ಹೆಂಡತಿ ಗುರುಬಾಳವ್ವ ವೈನಿ ಏಳು ತಿಂಗಳ ಬಸುರಿ, ಏಪ್ರಿಲ್ ಕೊನೆಗೆ ಹೆರಬೇಕು. ಆ ರಸ್ತೆ ದಾಟಬಾರದು, ಸುಡುವ ಮನೆಯಲ್ಲೂ ಇರಬಾರದು ಎಂದು ಸೂಲಗಿತ್ತಿ ಹೇಳಿದ್ದಳು. ಹೋದ ವರ್ಷ ಬೇರೊಂದು ಓಣಿಯಲ್ಲಿ ಮನೆಯಲ್ಲೇ ಉಳಿದ ಬಸುರಿಯೊಬ್ಬಳು ಬದುಕಲಿಲ್ಲ. ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಮೈಬೂಬಿ ಅಕ್ಕನೂ ನಾನೂ ಕಚೇರಿಗೆ ಹೋದೆವು. ಅರ್ಜಿಗಳನ್ನು ನೋಡಿಕೊಳ್ಳುವ ತೋಟಗಂಟಿ ಎಂಬ ಗುಮಾಸ್ತರು ಮರ್ಯಾದೆಯಿಂದಲೇ ಕೂರಿಸಿದರು. ಅವರ ಹಿಂದಿನ ಕಪಾಟಿನಲ್ಲಿ ಮೂರು ಕಟ್ಟು ಇದ್ದವು. ಒಂದರ ಮೇಲೆ ಕಷ್ಟ, ಒಂದರ ಮೇಲೆ ಜಗಳ, ಒಂದರ ಮೇಲೆ ಕ್ಷೇಮ ಎಂದು ಬರೆದಿತ್ತು. ಊರಿನಲ್ಲಿ ಆರುನೂರ ಹನ್ನೆರಡು ಓಣಿಗಳಿವೆ. ಕೈಬರಹ ಓದಬಲ್ಲವರು ಆ ಕಚೇರಿಯಲ್ಲಿ ನಾಲ್ಕೇ ಜನ. ಹಾಗಾಗಿ ಅವರು ಮೊದಲ ಸಾಲು ಓದಿ ಯಾವ ಕಟ್ಟಿಗೆಂದು ವಿಂಗಡಿಸುತ್ತಾರೆ. ಕಷ್ಟ, ಜಗಳ ಇದ್ದಲ್ಲಿಗೆ ಸಾಹೇಬರು ಹೋಗುತ್ತಾರೆ. ಕ್ಷೇಮದ ಕಟ್ಟನ್ನು ಬಿಚ್ಚುವುದಿಲ್ಲ. ನಮ್ಮ ಹನ್ನೊಂದು ಅರ್ಜಿಗಳೂ ಅದರಲ್ಲಿದ್ದವು. ಮೇಲಿನದು ನನ್ನದು. ‘ತಮ್ಮ ಕೃಪೆಯಿಂದ ಓಣಿಯ ನಾವೆಲ್ಲರೂ ಕ್ಷೇಮವಾಗಿದ್ದೇವೆ’ ಎಂದು ಅದು ಶುರುವಾಗುತ್ತಿತ್ತು.

‘ಅದು ಮರ್ಯಾದಿ ಮಾತರೀ. ಯಾರಿಗರ ಪತ್ರಾ ಬರದ್ರ ಮೊದಲ ಹಂಗ ಬರಿಯೂದಲ್ಲೇನ್ರಿ?’ ಎಂದಳು ಮೈಬೂಬಿ ಅಕ್ಕ.

‘ಮರ್ಯಾದಿಗಂತ ಬ್ಯಾರೆ ಕಟ್ಟ ಇಲ್ಲ ಯವ್ವಾ ನಮ್ಮಲ್ಲಿ’ ಎಂದರು ತೋಟಗಂಟಿಯವರು. ‘ನೀವ ಕ್ಷೇಮ ಅದೀವಿ ಅಂತ ಸಹಿ ಮಾಡಿ ಕೊಟ್ಟೀರಿ. ಇಲ್ಲ, ಇವರು ಸುಳ್ಳ ಹೇಳ್ತಾರ ಅಂತ ನಾ ಹೆಂಗ ಅನ್ಲಿ?’

ಅವರ ಮೇಲೆ ಸಿಟ್ಟು ಬರಲಿಲ್ಲ. ಹೊರದಿನ ಮುಗಿಯುವುದರೊಳಗೆ ಬೇರೆ ಅರ್ಜಿ ಬರೆದುಕೊಟ್ಟರೆ ಹಳೆಯದನ್ನು ಹಿಂದಕ್ಕೆ ಕೊಡುವುದಾಗಿ ಅವರೇ ಹೇಳಿದರು. ಆ ಸಾಲನ್ನು ನಾನು ದಾವಲಸಾಬ ಕಾಕಾನ ಅರ್ಜಿ ನೋಡಿ ಬರೆದಿದ್ದೆ. ಕಾಕಾ ಯಾವುದನ್ನು ನೋಡಿ ಬರೆದನೆಂದು ಮನೆಗೆ ಬಂದು ಪೆಟ್ಟಿಗೆ ತೆಗೆದು ಹುಡುಕಿದೆ. ಎಲ್ಲದರ ತಳದಲ್ಲಿ ನಿಮ್ಮ ಅರ್ಜಿ ಇತ್ತು. ಅದೇ ಸಾಲು, ಒಂದು ಅಕ್ಷರವೂ ಬೇರೆಯಿಲ್ಲ.

ಹೊಸ ಅರ್ಜಿಯ ಮೊದಲ ಸಾಲು ಬರೆಯಲು ಮೂರು ದಿನ ಹಿಡಿಯಿತು. ಕಡೆಗೆ ಹೀಗೆ ಬರೆದೆ: ‘ನಮ್ಮ ವೈನಿ ಗುರುಬಾಳವ್ವ ಏಪ್ರಿಲ್‌ನಲ್ಲಿ ಹೆರುತ್ತಾಳೆ, ಅವಳಿಗೆ ಕುಳಿತುಕೊಳ್ಳಲು ತಂಪಾದ ಜಾಗವಿಲ್ಲ.’ ಸಂಘದ ಸಭೆಯಲ್ಲಿ ಅದನ್ನು ಮೈಬೂಬಿ ಅಕ್ಕ ಓದಿದಾಗ ಗದ್ದಲವಾಯಿತು. ಫಕ್ಕೀರಪ್ಪಜ್ಜ ಎದ್ದು ನಿಂತ. ‘ಮನಿ ಹೆಣಮಕ್ಕಳ ಸುದ್ದಿ ಸರಕಾರಕ್ಕ ಬರೀತಾರೇನ? ಓಣಿ ಮಾನ ಏನ್ ಉಳೀತು? ಬಾಗಿಲ ಹಾಳಾಗ್ಯಾವ ಅಂತ ಬರಿ, ಸಾಕು.’ ಆ ಸಾಲನ್ನೇ ಅಳಿಸೋಣ ಎಂದುಕೊಂಡೆ. ವೈನಿ ಗೋಡೆಗೆ ಒರಗಿ ಕುಳಿತಿದ್ದವಳು ಅಲ್ಲಿಂದಲೇ ಹೇಳಿದಳು: ‘ಸೆಕಿಯೊಳಗ ಕೂಡಾಕಿ ನಾನು. ನಾಚಿಕಿ ನಿಮಗ್ಯಾಕಜ್ಜಾ? ಇರಲಿ ಬಿಡ್ರಿ ಅದು, ನನ್ನ ಹೆಸರ ದೊಡ್ಡಕ್ಷರದಾಗ ಬರೀಲಿ.’ ಹೆಂಗಸರು ನಕ್ಕರು. ಅಜ್ಜ ಕುಳಿತ. ಸಾಲು ಉಳಿಯಿತು. ಕಚೇರಿಗೆ ಕೊಟ್ಟಾಗ ತೋಟಗಂಟಿಯವರು ಅರ್ಜಿಯನ್ನು ಕಷ್ಟದ ಕಟ್ಟಿಗೆ ಸೇರಿಸಿದರು.

ನಿನ್ನೆ, ನಾಲ್ಕನೆಯ ಹೊರದಿನ, ಸಾಹೇಬರು ಬಂದರು. ತಂಪುಮನೆಯ ಬಾಗಿಲಲ್ಲಿ ನಿಂತು ನಾನು ಓದಬೇಕಾಯಿತು. ಕಾಗದ ಕೈಯಲ್ಲಿತ್ತು, ದನಿ ಬರಲಿಲ್ಲ. ‘ಗಡಿಬಿಡಿ ಇಲ್ಲವ್ವಾ, ಸಾವಕಾಶ ಓದು’ ಎಂದರು ಸಾಹೇಬರು. ಹಿಂದಿನಿಂದ ಫಕ್ಕೀರಪ್ಪಜ್ಜ, ‘ಬರಿಯಾಗಿನ ಧೈರ್ಯ ಎಲ್ಲಿ ಹೋತೀಗ? ಓದು’ ಎಂದ. ಮೊದಲ ಸಾಲನ್ನು ನನಗೇ ಕೇಳಿಸದಂತೆ ಓದಿದೆ. ಅವರು ಇನ್ನೊಮ್ಮೆ ಓದಲು ಹೇಳಿದರು. ಎರಡನೆಯ ಸಲ ಕೇಳಿಸಿತು. ಅವರು ಗೋಣಿಚೀಲ ಎತ್ತಿ ನೋಡಿದರು, ಉದುರಿದ ಬೇರನ್ನು ಮುಟ್ಟಿ ನೋಡಿದರು. ವೈನಿಯನ್ನೂ ನೋಡಿದರು.

ತಂಪುಮನೆ ಮುಚ್ಚುವುದಿಲ್ಲ ಎಂದು ತೀರ್ಮಾನವಾಯಿತು. ಆದರೆ ಕಲ್ಲಗುಡಿ ಓಣಿಯವರ ಕಷ್ಟವೂ ನಿಜವಾದದ್ದೇ. ಅವರ ಅರ್ಜಿ ಸರಿಯಾದ ಕಟ್ಟಿನಲ್ಲಿತ್ತು, ಬಾಗಿಲು ಬರುತ್ತವೆಂದು ಅವರು ಕಾಯುತ್ತಿದ್ದರು. ಕಚೇರಿಯ ಬಳಿ ಈ ವರ್ಷ ಹೊಸ ಬಾಗಿಲು ಇರುವುದು ಎರಡೇ. ಅವನ್ನು ನಮಗೆ ಕೊಟ್ಟು, ಕಲ್ಲಗುಡಿಯ ನಲವತ್ತು ಜನರೂ ಈ ಬೇಸಿಗೆ ಇಲ್ಲಿಯೇ ಕೂರಬೇಕು, ದೊಡ್ಡ ರಸ್ತೆಗೆ ಕಚೇರಿಯವರು ನೆರಳುಬಟ್ಟೆ ಕಟ್ಟಿಸಬೇಕು ಎಂದಾಯಿತು. ಎಪ್ಪತ್ತು ಜನರ ಜಾಗದಲ್ಲಿ ನೂರ ಹತ್ತು ಜನ. ‘ಅವರ ಗೊರಕಿ ಎಲ್ಲಿ ಇಡೂದು?’ ಎಂದು ಫಕ್ಕೀರಪ್ಪಜ್ಜ ಕೇಳಿದ. ‘ನಿಮ್ಮ ಬಾಜೂಕ ಇಡ್ತೀವಿ, ಜೋಡಿ ಆಗ್ತೈತಿ’ ಎಂದಳು ಮೈಬೂಬಿ ಅಕ್ಕ. ನಮ್ಮಲ್ಲಿ ಕೆಲವರಿಗೆ ಈ ತೀರ್ಮಾನ ಇಷ್ಟವಾಗಿಲ್ಲ. ಒತ್ತಿ ಕುಳಿತರೆ ಜಗಳವಾಗುತ್ತದೆ ಎನ್ನುತ್ತಾರೆ. ಆಗಬಹುದು.

ಮುಳಗುಂದ ಅವರೇ, ನಿಮ್ಮನ್ನು ದೂರಲು ಇದನ್ನು ಬರೆಯಲಿಲ್ಲ. ನಿಮ್ಮ ಕಾಲದ ಕಚೇರಿಯಲ್ಲಿ ಯಾವ ಕಟ್ಟುಗಳಿದ್ದವೋ ನನಗೆ ಗೊತ್ತಿಲ್ಲ. ನಿಮ್ಮ ಅರ್ಜಿಯನ್ನು ನಾನು ಪೂರ್ತಿ ಓದಿದ್ದೇನೆ. ಚರಂಡಿಯ ನೀರು ಮನೆಯೊಳಗೆ ಮೊಳಕಾಲಿನವರೆಗೆ ಬಂದು, ಮಕ್ಕಳನ್ನು ಕಪಾಟಿನ ಮೇಲೆ ಕೂರಿಸಿದಿರೆಂದು ಐದನೆಯ ಸಾಲಿನಲ್ಲಿದೆ. ಆ ನೀರಿನಲ್ಲಿ ನಿಂತವರು ಕ್ಷೇಮವೆಂದು ಹೇಗೆ ಬರೆದಿರೋ. ನಾನೂ ಹಾಗೆಯೇ ಬರೆದವಳು, ಆದ್ದರಿಂದ ಸ್ವಲ್ಪ ಅರ್ಥವಾಗುತ್ತದೆ. ಕೇಳುವವರು ಮೊದಲು ಕೇಳಬಾರದು ಎಂದು ನಮಗೆ ಅನಿಸುತ್ತದೆ. ನನ್ನದು ಒಂದೇ ಬೇಡಿಕೆ. ಮುಂದಿನ ಸಲ ಬರೆಯುವಾಗ ಐದನೆಯ ಸಾಲನ್ನು ಮೊದಲಿಗೆ ತನ್ನಿ. ಕ್ಷೇಮವನ್ನು ನೀರು ಇಳಿದ ಮೇಲೆ ಬರೆದರಾಯಿತು. ನಿಮ್ಮನ್ನು ನೋಡಿ ಬರೆಯುವವರು ಬಹಳ ಜನ ಬರುತ್ತಾರೆ, ಅವರಲ್ಲಿ ನನ್ನಂತೆ ಕೇಳಲು ನಾಚುವವರೂ ಇರುತ್ತಾರೆ.

ಇಂದು ಬೆಳಿಗ್ಗೆ ತಂಪುಮನೆಯ ನೆಲ ಸಾರಿಸಿದೆ. ನಿನ್ನೆ ಸಂಜೆಯೇ ತಂದು ಕೂರಿಸಿದ ಹೊಸ ಬಾಗಿಲಿನ ಹತ್ತಿರ ವೈನಿಗೆ ಒಂದು ಚಾಪೆ ಹಾಸಿದೆ. ಕಲ್ಲಗುಡಿಯಲ್ಲಿಯೂ ಒಬ್ಬಳು ಬಸುರಿ ಇದ್ದಾಳೆಂದು ಮೈಬೂಬಿ ಅಕ್ಕ ಹೇಳಿದಳು. ವೈನಿಯ ಚಾಪೆಯನ್ನು ಗೋಡೆಯ ಕಡೆ ಸ್ವಲ್ಪ ಸರಿಸಿ, ಪಕ್ಕದಲ್ಲಿ ಇನ್ನೊಂದನ್ನು ಹಾಸಿ ಬಂದೆ.

ಇಂತಿ,
ನಿಂಬೆವ್ವ
ಸಂಘದ ಬರಹಗಾರ್ತಿ